ನಗು ಸಾಕ್ಷ್ಯವಲ್ಲ: ಇಬ್ಬರು ಸೇರಿ ಕಾದಂಬರಿ ಬರೆಯುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾದಂಬರಿಯ ಮುಖಪುಟದಲ್ಲಿ ಎರಡು ಹೆಸರು ಕಂಡರೆ ನಮ್ಮ ಓದುಗರು ಮೊದಲು ಒಳಪುಟ ತೆಗೆದು 'ಅನುವಾದ' ಅಂತ ಇದೆಯಾ ನೋಡುತ್ತಾರೆ. ಇಲ್ಲ ಅಂತ ಗೊತ್ತಾದ ಮೇಲೆ ಪ್ರಶ್ನೆಗಳು ಶುರು. ಊರಿಗೊಂದು ಸಲ, ಸಭೆಗೊಂದು ಸಲ ಅದದೇ ಉತ್ತರ ಹೇಳಿ ಸಾಕಾಗಿ ಇಲ್ಲಿ ಬರೆದಿಡುತ್ತಿದ್ದೇನೆ. ಜೊತೆಗೆ ಕೂತು ಉತ್ತರ ಕೊಡಿ ಅಂತ, ನನ್ನ ಜೊತೆ ಪತ್ತೇದಾರಿ ಕಾದಂಬರಿ ಬರೆಯುವ ಸರ್ ಅವರನ್ನು ಕೇಳಿದೆ. "ಮೂವತ್ತೇಳು ವರ್ಷ ಬೇರೆಯವರ ಉತ್ತರ ಟೈಪ್ ಮಾಡಿದ್ದೀನಿ, ನನ್ನನ್ನ ಬಿಟ್ಟುಬಿಡಮ್ಮ" ಅಂದರು. ಹಾಗಾಗಿ ನಾನೊಬ್ಬಳೇ.

ನೀವಿಬ್ಬರು ಯಾರು? ನಿಮ್ಮಿಬ್ಬರಿಗೆ ಏನು ಸಂಬಂಧ?

ನೆಂಟರಲ್ಲ. ಒಂದೇ ಊರಿನವರೂ ಅಲ್ಲ. ವಯಸ್ಸಿನಲ್ಲಿ ಇಪ್ಪತ್ತಮೂರು ವರ್ಷ ಅಂತರ.

ಸರ್ ಚಿತ್ರದುರ್ಗದವರು, ಕೋಟೆಯ ಬುಡದ ಓಣಿಯಲ್ಲಿ ಹುಟ್ಟಿದವರು. ಅವರ ತಂದೆ ಎತ್ತಿನ ಗಾಡಿಯಲ್ಲಿ ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಸಾಗಿಸುತ್ತಿದ್ದರು. ಪಿಯುಸಿ ಮುಗಿದ ಮೇಲೆ ಕಾಲೇಜಿಗೆ ಕಳಿಸುವಷ್ಟು ರೊಕ್ಕ ಇರಲಿಲ್ಲ. ಟೈಪಿಂಗ್ ಕಲಿತರು, ಕನ್ನಡ ಸೀನಿಯರ್ ಪಾಸು ಮಾಡಿದರು, ಕೋರ್ಟಿನಲ್ಲಿ ಬೆರಳಚ್ಚುಗಾರರಾದರು. ಪಾಲು ದಾವೆ, ಬದು ಒತ್ತುವರಿ, ಕೊಲೆ, ಜೀವನಾಂಶ ಎಲ್ಲವೂ ಅವರ ಬೆರಳ ತುದಿಯಿಂದ ಹಾದುಹೋಗಿವೆ. ಮೊದಲು ಮೆಷಿನ್ನಿನಲ್ಲಿ, ಆಮೇಲೆ ಕಂಪ್ಯೂಟರಿನಲ್ಲಿ.

ನಾನು ದಾವಣಗೆರೆಯವಳು. ಅಪ್ಪ ಹತ್ತಿ ಗಿರಣಿಯ ನೂಲುವ ವಿಭಾಗದಲ್ಲಿದ್ದರು. ನಮ್ಮೂರು 'ಕರ್ನಾಟಕದ ಮ್ಯಾಂಚೆಸ್ಟರ್' ಅಂತ ನಾನು ಶಾಲೆಯಲ್ಲಿ ಬಾಯಿಪಾಠ ಮಾಡುವ ಹೊತ್ತಿಗೆ ಮಿಲ್ಲು ಬಂದಾಗಿ ಅಪ್ಪ ಮನೆಯಲ್ಲಿ ಕೂತಿದ್ದರು. ಪರೀಕ್ಷೆಯಲ್ಲಿ ಅದನ್ನೇ ಬರೆದು ಒಂದು ಅಂಕ ತಗೊಂಡೆ. ಅಮ್ಮ ಮಂಡಕ್ಕಿ ಭಟ್ಟಿಗೆ ಹೋಗಿ ಮನೆ ನಡೆಸಿದಳು. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವ ಸದ್ದು ನಮ್ಮ ಮನೆಯ ಅನ್ನದ ಸದ್ದು. ಆ ಹೊಗೆಯ ವಾಸನೆ ಎಷ್ಟು ಒಗೆದರೂ ಅವಳ ಸೀರೆ ಬಿಡುತ್ತಿರಲಿಲ್ಲ. ಬಿ.ಕಾಂ. ಮುಗಿಸಿ ನಾನು ಎಪಿಎಂಸಿ ಯಾರ್ಡಿನ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಸೇರಿದೆ. ಮೆಕ್ಕೆಜೋಳ, ಭತ್ತ, ಶೇಂಗಾ. ಎಷ್ಟು ಚೀಲ, ಎಷ್ಟು ಕ್ವಿಂಟಲ್, ತೇವಾಂಶ ಎಷ್ಟು, ಹಮಾಲಿ ಎಷ್ಟು, ಮುಂಗಡ ಎಷ್ಟು ಮುರಿದುಕೊಂಡದ್ದು, ಕೊನೆಗೆ ರೈತನ ಕೈಗೆ ಎಷ್ಟು. ಇವತ್ತಿಗೂ ಹಗಲು ನನ್ನ ಕೆಲಸ ಅದೇ.

ಪರಿಚಯ ಆಗಿದ್ದು ಹೇಗೆ?

ಕೋರ್ಟಿನಲ್ಲಿ, ಸಾಕ್ಷಿ ಕಟ್ಟೆಯಿಂದ. ನಮ್ಮ ಅಂಗಡಿಯವರು ಒಬ್ಬ ವ್ಯಾಪಾರಿಯ ಮೇಲೆ ಚೆಕ್ ಬೌನ್ಸ್ ಕೇಸು ಹಾಕಿದ್ದರು. ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಂ ಅಂದರೆ ಯಾರ್ಡಿನಲ್ಲಿ ಚಹಾ ಮಾರುವ ಹುಡುಗನಿಗೂ ಗೊತ್ತು. ಖಾತೆ ಬರೆದವಳು ನಾನಾದ್ದರಿಂದ ಸಾಕ್ಷಿ ಹೇಳಬೇಕಾಯಿತು. ಹೆದರಿಕೆಯಲ್ಲೇ ಹೇಳಿದೆ: "ಚೆಕ್ ಕೊಡುವಾಗ ಅವರು ನಕ್ಕರು ಸ್ವಾಮಿ, ಆಗಲೇ ನನಗೆ ಅನುಮಾನ ಬಂತು."

ಎಲ್ಲ ಮುಗಿದ ಮೇಲೆ ಸಹಿ ಮಾಡೋಕೆ ಮುಂಚೆ ಹೇಳಿಕೆಯನ್ನು ಓದಿಕೊಂಡೆ. ಅದರಲ್ಲಿ ಇದ್ದದ್ದು: "ಆರೋಪಿಯು ಸದರಿ ಚೆಕ್ಕನ್ನು ನೀಡಿರುತ್ತಾರೆ." ನಕ್ಕಿದ್ದು ಎಲ್ಲಿ ಹೋಯಿತು ಅಂತ ಮೆಲ್ಲಗೆ ಕೇಳಿದೆ. ಟೈಪ್ ಮಾಡುತ್ತಿದ್ದವರು ಕನ್ನಡಕದ ಮೇಲಿಂದ ನೋಡಿ, "ನಗು ಸಾಕ್ಷ್ಯ ಅಲ್ಲಮ್ಮ" ಅಂದರು.

ಅಷ್ಟೇ. ಹೆಸರು ಕೂಡ ಕೇಳಲಿಲ್ಲ. ಎಂಟೊಂಬತ್ತು ವರ್ಷ ಆದ ಮೇಲೆ ಪತ್ರಿಕೆಯೊಂದರಲ್ಲಿ ನನ್ನ ಕಥೆ ಬಂತು. ಅದರಲ್ಲಿ ಈ ಪ್ರಸಂಗವನ್ನೇ ಬಳಸಿಕೊಂಡಿದ್ದೆ. ಪತ್ರಿಕೆಯ ವಿಳಾಸಕ್ಕೆ ಒಂದು ಕಾಗದ ಬಂತು. ಟೈಪ್ ಮಾಡಿದ್ದು, ಎರಡೂ ಅಂಚು ಅಳೆದಿಟ್ಟಂತೆ ನೇರ. "ನಗು ಬೇಕು ಅಂದವರು ನೀವೇ ಇರಬೇಕು. ನಿಮ್ಮ ಕಥೆಯಲ್ಲಿ ಕೋರ್ಟಿನ ಕ್ರಮ ನಾಲ್ಕು ಕಡೆ ತಪ್ಪಾಗಿದೆ" ಅಂತ ಶುರುವಾಗಿ ನಾಲ್ಕು ತಪ್ಪನ್ನೂ ಕ್ರಮಸಂಖ್ಯೆ ಹಾಕಿ ಬರೆದಿದ್ದರು. ಐದನೆಯದಾಗಿ, "ಆದರೆ ಅವತ್ತು ಆ ನಗುವನ್ನು ನಾನು ಬಿಡಬಾರದಿತ್ತು."

ಯಾವ ಭಾಗ ಯಾರು ಬರೆದದ್ದು?

ಅತಿ ಹೆಚ್ಚು ಬಂದಿರುವ ಪ್ರಶ್ನೆ ಇದು. ಕೇಳುವವರ ಹತ್ತಿರ ಉತ್ತರವೂ ಮೊದಲೇ ಇರುತ್ತದೆ: ಕೋರ್ಟಿನ ಅಧ್ಯಾಯ ಸರ್ ಅವರದು, ಅಡುಗೆಮನೆಯದು ನನ್ನದು. ಉಲ್ಟಾ.

ಮೊದಲ ಕಾದಂಬರಿ ಶುರು ಮಾಡಿದಾಗ ನಾವೂ ಹಾಗೇ ಹಂಚಿಕೊಂಡಿದ್ದೆವು. ಸರ್ ಬರೆದ ಪಾಟಿ ಸವಾಲಿನ, ಅಂದರೆ ಎದುರು ಪಕ್ಷದ ವಕೀಲರು ಸಾಕ್ಷಿಯನ್ನು ಪ್ರಶ್ನಿಸುವ ದೃಶ್ಯ ಪ್ರಮಾಣವಚನದಿಂದ ಹಿಡಿದು ಮುಂದಿನ ದಿನಾಂಕದವರೆಗೆ ಹದಿನಾಲ್ಕು ಪುಟ ಆಯಿತು. ನಾನು ಬರೆದ ಯಾರ್ಡಿನ ಅಧ್ಯಾಯದಲ್ಲಿ ತೂಕ, ಟೆಂಡರ್, ಕಡಿತ ಎಲ್ಲ ಸೇರಿ ಅದೊಂದು ಪಟ್ಟಿಯೇ ಆಗಿಬಿಟ್ಟಿತ್ತು. ಸರ್ ಓದಿ, "ಕೆಳಗೆ ಟೋಟಲ್ ಹಾಕೋದು ಮರೆತಿದ್ದೀಯ" ಅಂದರು. ಗೊತ್ತಿದ್ದವರು ಗೊತ್ತಿದ್ದದ್ದನ್ನೆಲ್ಲ ಬರೆದುಬಿಡುತ್ತಾರೆ. ಆಗ ಅದಲು ಬದಲು ಮಾಡಿಕೊಂಡೆವು. ಅವರಿಗೆ ಗೊತ್ತಿರುವ ಜಾಗವನ್ನು ನಾನು ಬರೆಯಬೇಕು, ನನಗೆ ಗೊತ್ತಿರುವುದನ್ನು ಅವರು. ಗೊತ್ತಿದ್ದವರ ಕೈಯಲ್ಲಿ ಕೆಂಪು ಪೆನ್ನು ಮಾತ್ರ. ಗೊತ್ತಿಲ್ಲದವರು ಕೇಳಿ ಕೇಳಿ ಬರೆಯುತ್ತಾರೆ, ಕೇಳುವಾಗ ಬೇಕಾದದ್ದಷ್ಟೇ ಕೇಳುತ್ತಾರೆ. ಆ ಪಾಟಿ ಸವಾಲು ಈಗ ಮೂರು ಪುಟ ಇದೆ, ಪೂರ್ತಿ ನನ್ನದು. ನಾಯಕನ ತಾಯಿ ಮಂಡಕ್ಕಿ ಭಟ್ಟಿಯ ಮುಂದೆ ಕೂತು ಕಣ್ಣೊರೆಸಿಕೊಳ್ಳುವ ಭಾಗ ಸರ್ ಅವರದು. ಅದನ್ನು ಓದಿ ನನ್ನ ತಮ್ಮ ಎರಡು ದಿನ ಮಾತಾಡಲಿಲ್ಲ.

ಕೋರ್ಟಿನ ಕನ್ನಡದ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ, ನಮ್ಮ ಬರವಣಿಗೆಯ ಬೇರು ಅಲ್ಲಿದೆ. ಪಾಟಿ ಸವಾಲಿನಲ್ಲಿ ವಕೀಲರು, "ನೀವು ಸುಳ್ಳು ಹೇಳ್ತಿದ್ದೀರಿ ಅಲ್ವಾ?" ಅಂತ ಕೇಳುತ್ತಾರೆ. ಸಾಕ್ಷಿ, "ಇಲ್ಲ" ಅನ್ನುತ್ತಾನೆ. ಕಡತದಲ್ಲಿ ಸಾಮಾನ್ಯವಾಗಿ ಪ್ರಶ್ನೆ-ಉತ್ತರ ಎರಡು ಸಾಲಾಗಿ ಇರುವುದಿಲ್ಲ. ಎರಡೂ ಬೆರೆತು, "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಅಂತ ಸಾಕ್ಷಿಯೇ ಹೇಳಿದ ಹಾಗೆ ಬರುತ್ತದೆ. ಮಾತು ವಕೀಲರದು, 'ಇಲ್ಲ' ಸಾಕ್ಷಿಯದು, ವಾಕ್ಯ ಕಟ್ಟಿಸಿದವರು ನ್ಯಾಯಾಧೀಶರು, ಬೆರಳು ಸರ್ ಅವರದು. ಇಬ್ಬರು ಸೇರಿ ಒಂದು ಪುಸ್ತಕ ಬರೆಯೋದು ಹೇಗೆ ಅಂತ ಜನ ಬೆರಗಾಗುತ್ತಾರೆ. ಸರ್ ಅಂತೂ ನಾಲ್ವರಲ್ಲಿ ಒಬ್ಬರಾಗಿ ಒಂದೊಂದೇ ವಾಕ್ಯ ಬರೆದವರು.

ಒಂದು ಅಧ್ಯಾಯ ತಯಾರಾಗುವುದು ಹೇಗೆ?

ದಾವಣಗೆರೆಗೂ ಚಿತ್ರದುರ್ಗಕ್ಕೂ ಸುಮಾರು 60 ಕಿಲೋಮೀಟರ್. ನಡುವೆ ಹೆದ್ದಾರಿಯ ಮೇಲೆ ಭರಮಸಾಗರ. ಎರಡು ವಾರಕ್ಕೊಮ್ಮೆ ಭಾನುವಾರ ಅವರು ಆ ಕಡೆಯಿಂದ, ನಾನು ಈ ಕಡೆಯಿಂದ ಬಸ್ಸಿನಲ್ಲಿ ಬಂದು ಅಲ್ಲಿ ಇಳಿಯುತ್ತೇವೆ. ಮೊದಲು ಹೋಟೆಲಿನಲ್ಲಿ ಕೂರುತ್ತಿದ್ದೆವು. ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಕೆರೆ ತುಂಬಿದ ಮೇಲೆ ಏರಿಯ ಮೇಲೆ ಕೂರುತ್ತೇವೆ. ಬರೆದದ್ದನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಬರೆದವರು ಓದುವ ಹಾಗಿಲ್ಲ, ಇನ್ನೊಬ್ಬರು ಓದಬೇಕು. ಓದುವವರ ನಾಲಿಗೆ ತೊಡರಿದ ಜಾಗಕ್ಕೆ ಗುರುತು. ಅಲ್ಲಿ ಸಮರ್ಥನೆ ಕೊಡುವ ಹಾಗಿಲ್ಲ.

ಟೈಪಿಂಗ್ ಕಥೆ ಬೇರೆ. ಸರ್ ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಹೊಡೆಯುತ್ತಾರೆ, ಕಣ್ಣು ಮುಚ್ಚಿ ಹೊಡೆದರೂ ತಪ್ಪು ಬರುವುದಿಲ್ಲ. ನಾನು ಮೊಬೈಲಿನಲ್ಲಿ ಯೂನಿಕೋಡ್. ಅವರ ಕಡತ ನನ್ನಲ್ಲಿ ತೆರೆದರೆ ಬರೀ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ. ಪರಿವರ್ತನೆ ಮಾಡಿದರೆ ಅರ್ಕಾವತ್ತು ಎಲ್ಲೋ ಹೋಗಿ ಕೂರುತ್ತದೆ. ಮೊದಲ ಕಾದಂಬರಿಯ ಒಂದು ಕರಡಿನಲ್ಲಿ 'ವಕೀಲರು ತರ್ಕ ಮಾಡಿದರು' ಅನ್ನೋದು 'ವಕೀಲರು ತಕ ಮಾಡಿದರು' ಆಗಿತ್ತು. ನಾನು ಅದನ್ನು 'ತಕತಕ ಮಾಡಿದರು' ಅಂತ ತಿದ್ದಿದೆ. ಸರ್ ನೋಡಿ ನಕ್ಕು, ಇರಲಿ ಬಿಡು ಅಂದರು. ಅಚ್ಚಿನಲ್ಲೂ ಹಾಗೇ ಇದೆ, ವಿಮರ್ಶಕರೊಬ್ಬರು ಅದನ್ನು ಹೊಗಳಿದ್ದಾರೆ.

ಜಗಳ ಆಗುವುದಿಲ್ಲವೇ?

ಆಗುತ್ತದೆ. ಕಥೆಯ ದೊಡ್ಡ ತಿರುವುಗಳಿಗಲ್ಲ, ಒಂದು ಅಕ್ಷರಕ್ಕೆ. 'ಐತೆ' ಅನ್ನಬೇಕೋ 'ಐತಿ' ಅನ್ನಬೇಕೋ ಅಂತ ಮೂರು ಭಾನುವಾರ ಕಳೆದಿದ್ದೇವೆ. ದುರ್ಗದ ಕಡೆ 'ಐತೆ'. ದಾವಣಗೆರೆಯಲ್ಲಿ ಎರಡೂ ಕಿವಿಗೆ ಬೀಳುತ್ತವೆ, ಹರಿಹರದ ಹೊಳೆ ದಾಟಿದರೆ 'ಐತಿ' ಗಟ್ಟಿಯಾಗುತ್ತಾ ಹೋಗುತ್ತದೆ. ನಮ್ಮ ಕಥೆಯ ಹಮಾಲ ಯಾವ ಊರಿನಿಂದ ಬಂದವನು, ಎಷ್ಟು ವರ್ಷದಿಂದ ಯಾರ್ಡಿನಲ್ಲಿದ್ದಾನೆ ಅಂತ ತೀರ್ಮಾನ ಆಗದೆ ಅವನ ಬಾಯಿ ತೆರೆಸುವ ಹಾಗಿರಲಿಲ್ಲ. ಕೊನೆಗೆ ಅವನನ್ನು ಹರಪನಹಳ್ಳಿಯವನನ್ನಾಗಿ ಮಾಡಿದೆವು: ಸಿಟ್ಟಿನಲ್ಲಿ 'ಐತಿ', ಸಾಹುಕಾರರ ಮುಂದೆ 'ಐತೆ'. ಜಗಳದಿಂದ ಹುಟ್ಟಿದ ಈ ಗುಣವೇ ಆಮೇಲೆ ಕಥೆಯಲ್ಲಿ ಕೊಲೆಗಾರನನ್ನು ಹಿಡಿಸಿತು.

ಇನ್ನೊಂದು ಹಳೆಯ ಜಗಳ ಜಿಲ್ಲೆಯದು. 1997ರ ಆಗಸ್ಟ್ 15ರಂದು ದಾವಣಗೆರೆ ಚಿತ್ರದುರ್ಗದಿಂದ ಬೇರೆ ಜಿಲ್ಲೆಯಾದಾಗ ನಾನು ಎಸ್ಸೆಸ್ಸೆಲ್ಸಿ ಮುಗಿಸಿದ್ದೆ; ಓಣಿಯಲ್ಲಿ ಪಟಾಕಿ ಹೊಡೆದೆವು. ಸರ್ ಅವತ್ತು ಕಡತಗಳನ್ನು ಎರಡು ಗುಡ್ಡೆ ಮಾಡುವ ಚಿಂತೆಯಲ್ಲಿದ್ದರಂತೆ. "ನಮ್ಮ ಭದ್ರಾ ನಾಲೆಯ ತಾಲ್ಲೂಕೆಲ್ಲ ನಿಮಗೆ ಹೋಯ್ತು, ನಮಗೆ ಕಲ್ಲು ಉಳೀತು" ಅನ್ನುತ್ತಾರೆ ಈಗಲೂ. 2022ರಲ್ಲಿ ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದಾಗ ಫೋನು ಮಾಡಿ ಹೇಳಿದ್ದು ಒಂದೇ ಮಾತು: "ನಮಗೂ ನೀರೈತೆ." ಬಸ್ಸು ಹತ್ತಿ ಹಿರಿಯೂರಿಗೆ ಹೋಗಿ ಇಬ್ಬರೂ ನೋಡಿ ಬಂದೆವು.

ಕನ್ನಡದಲ್ಲಿ ಇಬ್ಬರು ಸೇರಿ ಬರೆಯುವ ಪದ್ಧತಿಯೇ ಇಲ್ಲವಲ್ಲ?

ನಮಗೆ ಸಿಕ್ಕಿರುವ ಕನ್ನಡದ ಅತ್ಯಂತ ಹಳೆಯ ಗ್ರಂಥದ ಮೇಲೇ ಈ ಪ್ರಶ್ನೆ ಇದೆ. ಒಂಬತ್ತನೇ ಶತಮಾನದ ಕವಿರಾಜಮಾರ್ಗವನ್ನು ಬರೆದವನು ದೊರೆ ನೃಪತುಂಗನೋ, ಅವನ ಆಸ್ಥಾನದ ಶ್ರೀವಿಜಯನೋ ಅಂತ ವಿದ್ವಾಂಸರು ಇನ್ನೂ ವಾದಿಸುತ್ತಾರೆ. 'ನೃಪತುಂಗದೇವಾನುಮತ' ಅಂತ ಗ್ರಂಥವೇ ಹೇಳಿಕೊಳ್ಳುತ್ತದೆ. ಅಂದರೆ ದೊರೆ ಒಪ್ಪಿದ್ದು, ಶ್ರೀವಿಜಯ ಬರೆದದ್ದು ಅಂತ ಹಲವರ ಮತ. ಕೆಂಪು ಪೆನ್ನು ದೊರೆಯ ಕೈಯಲ್ಲಿತ್ತು ಅಂತ ನಮ್ಮ ಮತ. ಕುಮಾರವ್ಯಾಸ ಭಾರತದ ಹತ್ತು ಪರ್ವ ಬರೆದ, ಉಳಿದದ್ದನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಮುಗಿಸಿದ. ಆದರೆ ಅದು ಒಬ್ಬರು ಬಿಟ್ಟ ನೊಗಕ್ಕೆ ಇನ್ನೊಬ್ಬರು ಹೆಗಲು ಕೊಟ್ಟದ್ದು. ಎದುರುಬದುರು ಕೂತು ಜಗಳ ಆಡಿದ್ದಲ್ಲ.

ಪತ್ತೇದಾರಿ ಕಾದಂಬರಿಯಲ್ಲಿ ಮಾತ್ರ ಹೊರಗೆ ಈ ಜೋಡಿ ವ್ಯವಸಾಯ ಧಾರಾಳವಾಗಿದೆ. ಅಮೆರಿಕದ ಎಲರಿ ಕ್ವೀನ್ ಅನ್ನುವುದು ಒಬ್ಬನ ಹೆಸರಲ್ಲ; ಫ್ರೆಡರಿಕ್ ಡ್ಯಾನೆ, ಮ್ಯಾನ್‌ಫ್ರೆಡ್ ಲೀ ಅನ್ನುವ ಇಬ್ಬರು ಸೋದರ ಸಂಬಂಧಿಗಳು ಇಟ್ಟುಕೊಂಡ ಹೆಸರು. ಡ್ಯಾನೆ ಹೆಚ್ಚಾಗಿ ಕಥೆಯ ಹಂದರ ಕಟ್ಟುತ್ತಿದ್ದ, ಲೀ ಅದಕ್ಕೆ ಮಾತು ತುಂಬುತ್ತಿದ್ದ. ಸ್ವೀಡನ್ನಿನ ಮಾಯ್ ಶೋವಾಲ್, ಪೆರ್ ವಾಲೂ ಜೋಡಿ 1965ರಿಂದ 1975ರ ಒಳಗೆ ಒಬ್ಬನೇ ಪೊಲೀಸ್ ಅಧಿಕಾರಿಯ ಮೇಲೆ ಹತ್ತು ಕಾದಂಬರಿ ಬರೆದರು, ಅಧ್ಯಾಯಕ್ಕೆ ಒಬ್ಬರಂತೆ ಸರದಿಯಲ್ಲಿ. ತಮಿಳಿನ 'ಸುಭಾ' ಕೂಡ ಸುರೇಶ್, ಬಾಲಕೃಷ್ಣನ್ ಅನ್ನುವ ಇಬ್ಬರು ಗೆಳೆಯರು. ಪತ್ತೇದಾರಿಗೇ ಯಾಕೆ ಇದು ಒಗ್ಗುತ್ತದೆ ಅಂದರೆ, ಅಲ್ಲಿ ಬಚ್ಚಿಡುವವರು ಒಬ್ಬರು, ಹುಡುಕುವವರು ಒಬ್ಬರು ಬೇಕು. ಒಬ್ಬರೇ ಎರಡನ್ನೂ ಮಾಡಿದರೆ ತಾವು ಬಚ್ಚಿಟ್ಟದ್ದು ಸುಲಭವಾಗಿ ಸಿಗುತ್ತದೋ ಇಲ್ಲವೋ ಅಂತ ಅವರಿಗೆ ಗೊತ್ತೇ ಆಗುವುದಿಲ್ಲ.

ಚಿತ್ರದುರ್ಗದವರಾಗಿ ಕೋಟೆಯ ಮೇಲೆ ಯಾಕೆ ಬರೆಯಲಿಲ್ಲ?

ತ.ರಾ.ಸು. ಬರೆದಿದ್ದಾರೆ. ಮದಕರಿ ನಾಯಕನ ಕೊನೆಯ ದಿನಗಳನ್ನು ಕುರಿತ ಅವರ ಕಾದಂಬರಿಗೆ ತೀರಿಕೊಂಡ ಮೇಲೆ 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದುರ್ಗದಲ್ಲಿ ಆಟೋ ಓಡಿಸುವವರೂ ಅದರ ಕಥೆ ಹೇಳುತ್ತಾರೆ. 1779ರಲ್ಲಿ ಹೈದರಾಲಿ ಕೋಟೆ ಗೆದ್ದ, ಕಾದಂಬರಿ ಓದಿದವರ ಮನಸ್ಸಿನಲ್ಲಿ ಮಾತ್ರ ಇನ್ನೂ ಗೆದ್ದಿಲ್ಲ.

ಸರ್ ಅವರ ಕೋಟೆ ಬೇರೆ. ಏಳು ಸುತ್ತಿನಲ್ಲಿ ಹೊರಗಿನ ಒಂದು ಸುತ್ತು ಅವರಿಗೆ ಬಟ್ಟೆ ಒಣಹಾಕುವ ಗೋಡೆ, ಪರೀಕ್ಷೆಗೆ ಓದುವ ನೆರಳು. ಅಕ್ಕ-ತಂಗಿ ಹೊಂಡದ ಹತ್ತಿರ ಕೂತು ಪಿಯುಸಿ ಲೆಕ್ಕ ಮಾಡಿದವರಿಗೆ ಅದನ್ನು ರೋಮಾಂಚನ ಮಾಡಿಕೊಂಡು ನೋಡೋದು ಕಷ್ಟ. ಎರಡನೆಯ ಕಾದಂಬರಿಯಲ್ಲಿ ಓಬವ್ವನ ಕಿಂಡಿ ಒಂದು ಸಾಲಿನಲ್ಲಿ ಬರುತ್ತದೆ: ಪ್ರವಾಸಕ್ಕೆ ಬಂದ ದಪ್ಪ ಮನುಷ್ಯ ಅದರಲ್ಲಿ ನುಸುಳಲಾರದೆ ಹೆಂಡತಿಯ ಕೈಲಿ ಬೈಸಿಕೊಳ್ಳುತ್ತಾನೆ. ಅದಕ್ಕೇ ಬೇಸರ ಮಾಡಿಕೊಂಡು ಕಾಗದ ಬರೆದವರಿದ್ದಾರೆ.

ಓದುಗರು ಹಿಡಿದ ತಪ್ಪುಗಳು?

ಬೇಕಾದಷ್ಟು. ನೆನಪಿನಲ್ಲಿ ಉಳಿದದ್ದು ರೈಲು. ನಮ್ಮ ಪಾತ್ರವೊಂದು ದಾವಣಗೆರೆಯಲ್ಲಿ ರೈಲು ಹತ್ತಿ, ಸೀಟಿನಿಂದ ಏಳದೆ ಚಿತ್ರದುರ್ಗದಲ್ಲಿ ಇಳಿಯಿತು. ನೇರ ಹಳಿ ಇನ್ನೂ ಬಂದಿರಲಿಲ್ಲ. ಚಿಕ್ಕಜಾಜೂರು ಜಂಕ್ಷನ್ ಸುತ್ತಿಕೊಂಡೇ ಹೋಗಬೇಕಿತ್ತು. ಇಬ್ಬರೂ ಜೀವಮಾನವಿಡೀ ಬಸ್ಸಿನಲ್ಲಿ ಓಡಾಡಿದವರಾದ್ದರಿಂದ ಹೊಳೆಯಲೇ ಇಲ್ಲ. ನಾನು ಸರ್ ನೋಡಿರುತ್ತಾರೆ ಅಂದುಕೊಂಡೆ, ಸರ್ ನಾನು ನೋಡಿರುತ್ತೇನೆ ಅಂದುಕೊಂಡರು. ಜೋಡಿ ಬರವಣಿಗೆಯ ರೋಗವೇ ಇದು. ಎರಡನೇ ಮುದ್ರಣದಲ್ಲಿ ಅವನನ್ನು ಚಿಕ್ಕಜಾಜೂರಿನಲ್ಲಿ ಇಳಿಸಿ ಎರಡು ಗಂಟೆ ಕಾಯಿಸಿದ್ದೇವೆ. ಆ ಪುಟಗಳೇ ಈಗ ಚೆನ್ನಾಗಿವೆ.

ದುಡ್ಡು, ಹಕ್ಕು ಹೇಗೆ ಹಂಚಿಕೊಳ್ಳುತ್ತೀರಿ?

ಸಮ ಅರ್ಧ. ಈ ಸಲ ನಾನು ಜಾಸ್ತಿ ಬರೆದೆ, ನೀನು ಕಡಿಮೆ ಅನ್ನೋ ಲೆಕ್ಕಕ್ಕೆ ಕೈ ಹಾಕಿಲ್ಲ. ಲೆಕ್ಕ ಬರೆದು ಹೊಟ್ಟೆ ಹೊರೆಯುವವಳು ಹೇಳುತ್ತಿದ್ದೇನೆ, ಆ ಖಾತೆ ತೆರೆದರೆ ಮುಚ್ಚಲಾಗುವುದಿಲ್ಲ.

ಕಾನೂನು ಹೇಳುವುದೂ ಹತ್ತಿರ ಹತ್ತಿರ ಇದನ್ನೇ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಜಂಟಿ ಕೃತಿ ಅಂದರೆ ಇಬ್ಬರೋ ಹೆಚ್ಚು ಮಂದಿಯೋ ಕೂಡಿ ಮಾಡಿದ್ದು, ಮತ್ತು ಒಬ್ಬರ ಕೊಡುಗೆ ಇನ್ನೊಬ್ಬರದರಿಂದ ಬೇರ್ಪಟ್ಟು ನಿಲ್ಲದಂಥದ್ದು. 'ಯಾವ ಭಾಗ ಯಾರದು' ಅಂತ ಕೇಳುವವರಿಗೆ ಸರ್ ಈ ಕಲಮನ್ನೇ ಓದಿ ಹೇಳಿ ಬಾಯಿ ಮುಚ್ಚಿಸುತ್ತಾರೆ. ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಜಂಟಿ ಕೃತಿಯಾದರೆ ಆ 60 ವರ್ಷ ಎಣಿಸುವುದು ಕೊನೆಗೆ ತೀರಿಕೊಂಡವರಿಂದ. ಇದು ಗೊತ್ತಾದ ದಿನದಿಂದ ಸರ್ ನನ್ನ ಆರೋಗ್ಯ ವಿಚಾರಿಸುವುದು ಜಾಸ್ತಿಯಾಗಿದೆ. "ಚೆನ್ನಾಗಿ ಊಟ ಮಾಡಮ್ಮ, ನನ್ನ ಮೊಮ್ಮಕ್ಕಳ ಪ್ರಶ್ನೆ."

ನಮ್ಮಿಬ್ಬರ ನಡುವೆ ಛಾಪಾ ಕಾಗದದ ಮೇಲೆ ಕರಾರು ಇದೆ, ಸರ್ ಅವರೇ ಟೈಪ್ ಮಾಡಿದ್ದು. ಆದಾಯ ಅರ್ಧರ್ಧ. ಸಿನಿಮಾ, ಧಾರಾವಾಹಿ, ಅನುವಾದಕ್ಕೆ ಇಬ್ಬರ ಸಹಿ ಬೇಕೇ ಬೇಕು. ಒಬ್ಬರು ಇಲ್ಲವಾದರೆ ಉಳಿದವರು ಅರ್ಧ ಬರೆದದ್ದನ್ನು ಮುಗಿಸಬಹುದು, ಹೆಸರು ಎರಡೂ ಇರಬೇಕು. ಬೇರೆ ಬೇರೆ ಆದರೆ ನಮ್ಮ ಇನ್‌ಸ್ಪೆಕ್ಟರ್ ಪಾತ್ರವನ್ನು ಯಾರೂ ಒಬ್ಬರೇ ಬಳಸುವಂತಿಲ್ಲ. ಪ್ರಕಾಶಕರ ಜೊತೆಗಿನ ಒಪ್ಪಂದವನ್ನೂ ಬರಹದಲ್ಲೇ ಮಾಡಿಕೊಳ್ಳಿ, ಅವಧಿ ನಮೂದಿಸಿ. ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಹಿಡಿಯುತ್ತದೆ. ಮೊದಲ ಪುಸ್ತಕದಲ್ಲಿ ನಾವು ಬರೀ ಬಾಯಿಮಾತಿನಲ್ಲಿ ಹೋಗಿ ಕೈ ಸುಟ್ಟುಕೊಂಡೆವು. ಕೋರ್ಟಿನವರೊಬ್ಬರು, ಲೆಕ್ಕದವಳೊಬ್ಬಳು ಇದ್ದೂ!

ಮನೆಯವರು ಏನನ್ನುತ್ತಾರೆ?

ಮಹಿಳೆಯರು ಈ ಪ್ರಶ್ನೆಯನ್ನು ನನ್ನೊಬ್ಬಳಿಗೇ, ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಹೌದು, ಊರು ಮಾತಾಡಿತು. ಭರಮಸಾಗರದ ಬಸ್ಸಿನಲ್ಲಿ ನೋಡಿದೆ ಅಂತ ನಮ್ಮ ಅತ್ತೆಗೆ ವರದಿ ಬಂತು. ಅತ್ತೆ ಮುಂದಿನ ಭಾನುವಾರ ತಾವೇ ಜೊತೆಗೆ ಬಂದು ಕೆರೆ ಏರಿಯ ಮೇಲೆ ಮೂರು ಗಂಟೆ ಕೂತು, 'ಐತೆ-ಐತಿ' ಜಗಳ ಕೇಳಿ, "ಇದಕ್ಕಿಂತ ಟೀವಿ ಚಲೋ" ಅಂತ ಎದ್ದರು. ಆಮೇಲೆ ಯಾರೇ ವರದಿ ತಂದರೂ ಅವರೇ ಉತ್ತರ ಕೊಟ್ಟು ಕಳಿಸಿದ್ದಾರೆ. ಸರ್ ಅವರ ಮನೆಯವರು ನನ್ನ ಮೂಲಕ ಮಂಡಕ್ಕಿ ತರಿಸುತ್ತಾರೆ.

ಪಾತ್ರಗಳು ನಿಜವಾದ ವ್ಯಕ್ತಿಗಳೇ?

ಎಂದರೆ ಸರಿಯಲ್ಲ.

ದಾವಣಗೆರೆಯ ಕಾದಂಬರಿಯಲ್ಲಿ ಬೆಣ್ಣೆ ದೋಸೆಯೇ ಇಲ್ಲವಲ್ಲ?

ನಮ್ಮ ಪಾತ್ರಗಳು ಸಂಬಳದವರು, ತಿಂಗಳ ಕೊನೆ. ಮಂಡಕ್ಕಿ-ಮಿರ್ಚಿ ಏಳು ಕಡೆ ಬರುತ್ತದೆ, ಎಣಿಸಿ ನೋಡಿ.

ನಾವೂ ಜೋಡಿಯಾಗಿ ಬರೆಯಬೇಕು ಅಂತಿದ್ದೇವೆ. ಸಲಹೆ?

ಗೆಳೆಯರೊಂದಿಗೆ ಬೇಡ. ಗೆಳೆತನ ಉಳಿಸಿಕೊಳ್ಳಲು ಕೆಟ್ಟ ವಾಕ್ಯವನ್ನು ಉಳಿಸಿಬಿಡುತ್ತೀರಿ. ನಿಮ್ಮ ತಪ್ಪಿಗೆ ಕ್ರಮಸಂಖ್ಯೆ ಹಾಕಿ ಕಾಗದ ಬರೆಯುವಂಥವರು ಸಿಕ್ಕರೆ ಬಿಡಬೇಡಿ. ಕಾದಂಬರಿಗೆ ಮೊದಲು ಹತ್ತು ಪುಟದ ಒಂದು ಕಥೆ ಬರೆದು ನೋಡಿ. ಇಬ್ಬರ ಪೈಕಿ ಯಾರಾದರೂ, "ಈ ಸಾಲು ನಂದು, ಮುಟ್ಟಬೇಡ" ಅಂದರೆ ಅಲ್ಲಿಗೇ ನಿಲ್ಲಿಸಿ ಬೇರೆ ಬೇರೆ ಬರೆಯಿರಿ.

ಮುಂದಿನ ಕಾದಂಬರಿ ಯಾವಾಗ?

ಹನ್ನೊಂದನೇ ಅಧ್ಯಾಯದಲ್ಲಿ ನಿಂತಿದೆ. ಮೆಕ್ಕೆಜೋಳದ ವ್ಯಾಪಾರಿಯೊಬ್ಬನ ಮೇಲೆ ಗೋದಾಮಿನಲ್ಲಿ ಚೀಲದ ಒಟ್ಟಲು ಕುಸಿದಿದೆ. ಸರ್ ಪ್ರಕಾರ ಅವನು ಸಾಯಬೇಕು; ಮಹಜರು, ಮರಣೋತ್ತರ ವರದಿ, ಎಲ್ಲದಕ್ಕೂ ಅವರ ಕೆಂಪು ಪೆನ್ನು ಸಿದ್ಧವಾಗಿದೆ. ನನ್ನ ಪ್ರಕಾರ ಅವನು ಬದುಕಬೇಕು, ಯಾಕೆಂದರೆ ಸುಗ್ಗಿಯ ಹೊತ್ತಿಗೆ ಅವನ ಬಾಕಿ ಕೇಳಿಕೊಂಡು ಬರುವ ರೈತರ ಮುಂದೆ ಅವನು ಒಮ್ಮೆ ನಗಬೇಕು. ನಾಲ್ಕು ತಿಂಗಳಾಯಿತು, ಆಸ್ಪತ್ರೆಯಲ್ಲಿ ಮಲಗಿಸಿದ್ದೇವೆ. ಬರುವ ಭಾನುವಾರ ಮತ್ತೆ ಕೂರುತ್ತೇವೆ.